ಯಾವ ಮೋಡ್ ಕೊಟ್ಟರೂ ಸೀರಿಯಲ್ಲೇ ಬರುತ್ತದೆ!

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಸಂಜೆ ಹಣ್ಣು ತೂಗುವಾಗ ತೂಕ ನೇರ ಎಕ್ಸೆಲ್‌ಗೆ ಬೀಳಲಿ ಎಂದು ಲೋಡ್ ಸೆಲ್ಲಿಗೆ (ತೂಕದ ಸೆನ್ಸರ್) ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಮೈಕ್ರೋಕಂಟ್ರೋಲರ್ ಬೋರ್ಡ್ ಜೋಡಿಸಿದ್ದೇನೆ. ನಾನು ಪರೀಕ್ಷಿಸುವಾಗ ಯುಎಸ್‌ಬಿ ಸೀರಿಯಲ್ ಮೋಡ್ (ತೂಕ ಬರೀ ಸಂದೇಶವಾಗಿ ಬರುತ್ತದೆ), ತೋಟದ ಲೆಕ್ಕ ಬರೆಯುವ ರೈಟರ ಕೈಗೆ ಕೊಡುವಾಗ ಕೀಬೋರ್ಡ್ ಮೋಡ್ (ತೂಕವನ್ನು ಕೀಬೋರ್ಡಿನಂತೆ ಟೈಪ್ ಮಾಡುತ್ತದೆ). ಎರಡನ್ನೂ ಸಿ ಭಾಷೆಯ ಈನಮ್‌ನಲ್ಲಿ (ಹೆಸರುಗಳಿಗೆ ಸಂಖ್ಯೆ ಕೊಡುವ ಪಟ್ಟಿ) ಹೆಸರಿಸಿ, ಬೇಕಾದ ಮೋಡಿನ ಕೋಡನ್ನಷ್ಟೇ ಆರಿಸಲು ಹ್ಯಾಶ್-ಇಫ್ (#if) ಹಾಕಿದ್ದೇನೆ. ಯಾವುದನ್ನು ಆರಿಸಿದರೂ ಸೀರಿಯಲ್ಲೇ ಬರುತ್ತದೆ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. ಏನು ಮಾಡಲಿ?

ಉತ್ತರ: ತಪ್ಪಿರುವುದು ಈನಮ್‌ನಲ್ಲಿ. ಹ್ಯಾಶ್‌ನಿಂದ ಶುರುವಾಗುವ ಸಾಲುಗಳನ್ನು ಓದುವುದು ಪ್ರಿಪ್ರೊಸೆಸರ್, ಅಂದರೆ ಕಂಪೈಲ್ ಆಗುವ ಮೊದಲು ಕೋಡನ್ನು ಸಿದ್ಧಪಡಿಸುವ ಹಂತ. ಅದಕ್ಕೆ ಈನಮ್ ಎಂದರೇನೆಂದೇ ತಿಳಿಯದು. ಹ್ಯಾಶ್-ಇಫ್ ಸಾಲಿನಲ್ಲಿ ಗುರುತಿಲ್ಲದ ಹೆಸರು ಕಂಡರೆ, ಸಿ ಭಾಷೆಯ ನಿಯಮದಂತೆ, ಅದನ್ನು 0 ಎಂದು ಓದಿಕೊಂಡು ಮುಂದೆ ಹೋಗುತ್ತದೆ. ನಿಮ್ಮ ‘ಮೋಡ್ == ಸೀರಿಯಲ್’ ಅದರ ಕಣ್ಣಿಗೆ ‘0 == 0’. ಮೋಡ್‌ಗೆ ಕೀಬೋರ್ಡ್ ಕೊಟ್ಟಾಗಲೂ ಅಷ್ಟೇ. ಸೀರಿಯಲ್ಲನ್ನು ಮೇಲೆ ಬರೆದಿದ್ದೀರಿ, ಅದೇ ಬಂತು. ಕೀಬೋರ್ಡನ್ನು ಮೇಲೆ ಬರೆದಿದ್ದರೆ ಯಾವಾಗಲೂ ಕೀಬೋರ್ಡೇ.

ಈನಮ್ ತೆಗೆದು, ಪ್ರಿಪ್ರೊಸೆಸರ್‌ಗೆ ಅರ್ಥವಾಗುವ ಹ್ಯಾಶ್-ಡಿಫೈನ್ (#define) ಹಾಕಿ: ಸೀರಿಯಲ್‌ಗೆ 1, ಕೀಬೋರ್ಡಿಗೆ 2. 0 ಯಾರಿಗೂ ಬೇಡ. ಕೊನೆಯ ಎಲ್ಸ್‌ನಲ್ಲಿ (#else) ಹ್ಯಾಶ್-ಎರರ್ (#error) ಇರಲಿ. ಮೋಡ್ ಹೇಳಲು ಮರೆತರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ನಿಮ್ಮ ಕಂಪೈಲರ್ ಜಿಸಿಸಿಗೆ ಡಬ್ಲ್ಯೂ-ಅಂಡೆಫ್ (-Wundef) ಆಯ್ಕೆಯನ್ನೂ ಕೊಡಿ, ಗುರುತಿಲ್ಲದ ಹೆಸರುಗಳನ್ನು ಬೊಟ್ಟು ಮಾಡಿ ತೋರಿಸುತ್ತದೆ. ಡಬ್ಲ್ಯೂ-ಆಲ್ (-Wall) ಒಂದನ್ನೇ ನಂಬಿದರೆ ಈ ಎಚ್ಚರಿಕೆ ಬರುವುದಿಲ್ಲ.

ಮುಂದೆ ಇನ್ನೊಂದು ಗುಂಡಿ ಇದೆ. ನಾನೇ ಒಂದು ಇಡೀ ಭಾನುವಾರ ಅದರಲ್ಲಿ ಬಿದ್ದಿದ್ದೆ. ಪ್ರತಿ ಸಿ ಫೈಲೂ ಬೇರೆಬೇರೆಯಾಗಿ ಕಂಪೈಲ್ ಆಗುತ್ತದೆ. ಮೋಡನ್ನು ಮೇನ್ ಫೈಲಿನಲ್ಲಷ್ಟೇ ಡಿಫೈನ್ ಮಾಡಿದರೆ ಡಿಸ್ಕ್ರಿಪ್ಟರ್ ಫೈಲಿಗೂ (ಸಾಧನ ಯಾವುದೆಂದು ಕಂಪ್ಯೂಟರ್‌ಗೆ ಹೇಳುವ ಫೈಲು) ಯುಎಸ್‌ಬಿ ಲೈಬ್ರರಿ ಟೈನಿಯುಎಸ್‌ಬಿಯ ಕಾನ್ಫಿಗ್ ಹೆಡರಿಗೂ ಸುದ್ದಿಯೇ ಮುಟ್ಟುವುದಿಲ್ಲ. ಬಿಲ್ಡ್ ನಡೆಸುವ ಸಿಮೇಕ್‌ನ ಟಾರ್ಗೆಟ್ ಕಂಪೈಲ್ ಡೆಫಿನಿಷನ್ಸ್‌ನಲ್ಲಿ (target_compile_definitions) ಒಂದು ಸಲ ಹೇಳಿ, ಎಲ್ಲಕ್ಕೂ ತಲುಪುತ್ತದೆ.

ಎರಡು ಮೋಡಿಗೂ ಬೇರೆಬೇರೆ ಪ್ರಾಡಕ್ಟ್ ಐಡಿ (ಯುಎಸ್‌ಬಿ ಸಾಧನದ ಗುರುತಿನ ಸಂಖ್ಯೆ) ಕೊಡಿ. ಒಂದೇ ಐಡಿ ಇದ್ದರೆ ವಿಂಡೋಸ್ ಹಳೆಯ ಪರಿಚಯವನ್ನೇ ಹಿಡಿದು ಕೂರಬಹುದು. ಟೈನಿಯುಎಸ್‌ಬಿಯ ಉದಾಹರಣೆ ಕೋಡುಗಳೂ ಯಾವ ಇಂಟರ್‌ಫೇಸ್ ಆನ್ ಇದೆ ಎಂದು ನೋಡಿಯೇ ಐಡಿ ಲೆಕ್ಕ ಹಾಕುತ್ತವೆ.

ಒಂದು ಮಾತು: ಕೀಬೋರ್ಡ್ ಮೋಡಿನಲ್ಲಿ ಬಟನ್ ಒತ್ತಿದಾಗ ಮಾತ್ರ ತೂಕ ಹೋಗಲಿ. ಇಲ್ಲವಾದರೆ ಕೇಬಲ್ ಸಿಕ್ಕಿಸಿದ್ದೇ ತಡ, ನೀವು ತಿದ್ದುತ್ತಿರುವ ಕೋಡಿನ ನಡುವೆಯೇ 42.6, 42.6 ಎಂದು ಸುರಿಯತೊಡಗುತ್ತದೆ.