ಮೊದಲ ಕಂತನ್ನು ಪರೀಕ್ಷಿಸಿದವರಾರು?

ಅಮೆರಿಕದ ಓಹಾಯೋದಲ್ಲಿ ನೆಲೆಸಿರುವ ಹಿರಿಯ ಓದುಗರೊಬ್ಬರ ಪತ್ರ: “ನಾವು ದಂಪತಿ 1998ರಲ್ಲಿ, ಮುಪ್ಪಿನಲ್ಲಿ ದಿನನಿತ್ಯದ ನೆರವಿಗೆ ಹಣ ಕೊಡುವ ದೀರ್ಘಕಾಲೀನ ಆರೈಕೆಯ ವಿಮೆ ಮಾಡಿಸಿದೆವು. ಒಂದು ಕಂತನ್ನೂ ತಪ್ಪಿಸಿಲ್ಲ. ಈಗ ಪ್ರೀಮಿಯಂ ಮೂರನೆಯ ಸಲ ಏರಿದೆ, ರಾಜ್ಯದ ವಿಮಾ ಇಲಾಖೆ ಅದಕ್ಕೆ ಒಪ್ಪಿಗೆಯನ್ನೂ ಕೊಟ್ಟಿದೆ. ಪಾಲಿಸಿ ಬಿಟ್ಟುಬಿಡಿ ಎನ್ನುತ್ತಾನೆ ಮಗ. ಐವತ್ತು ರಾಜ್ಯಗಳಿಗೆ ಐವತ್ತು ಇಲಾಖೆಗಳಿರುವ ಬದಲು ಕೇಂದ್ರದ ಒಂದೇ ಬಿಗಿ ಹಿಡಿತವಿದ್ದಿದ್ದರೆ ಈ ಗತಿ ಬರುತ್ತಿತ್ತೆ?”

ಮಾನ್ಯರೇ, ಕೋಪಗೊಂಡರೂ ಲೆಕ್ಕ ಮರೆಯದ ನಿಮ್ಮಂಥ ಓದುಗರು ನಮಗೆ ಅಪರೂಪ. ಆದರೆ ನಿಮ್ಮ ಕೋಪ ತಪ್ಪು ಬಾಗಿಲನ್ನು ತಟ್ಟಿದೆ. 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆಯ ಪ್ರಕಾರ ಅಲ್ಲಿ ವಿಮೆಯ ನಿಯಂತ್ರಣ ರಾಜ್ಯಗಳ ಕೈಯಲ್ಲಿದೆ ಎಂಬುದು ನಿಜ. ಹಾಗೆಂದು ಕೇಂದ್ರ ಸರ್ಕಾರವೇ ತನ್ನ ನೌಕರರಿಗಾಗಿ 2002ರಲ್ಲಿ ಆರಂಭಿಸಿದ ಇಂಥದೇ ಯೋಜನೆಯ ಗತಿಯನ್ನು ನೋಡಿ: 2016ರಲ್ಲಿ ಅದರ ಕಂತು ಸರಾಸರಿ ಶೇ. 83ರಷ್ಟು ಏರಿತು, 2022ರ ಕೊನೆಗೆ ಹೊಸ ಸೇರ್ಪಡೆಯೇ ನಿಂತಿತು. ಆದ್ದರಿಂದ ಇಲಾಖೆ ಯಾವ ಊರಿನಲ್ಲಿದೆ ಎಂದು ಕೇಳುವುದಕ್ಕಿಂತ, ಮೊದಲ ದಿನ ಅದು ಏನನ್ನು ನೋಡಿತು ಎಂದು ಕೇಳುವುದು ಲೇಸು.

ಅಲ್ಲಿ ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್, ವೃದ್ಧರಿಗೆ ಸ್ನಾನ ಮಾಡಿಸುವ, ಬಟ್ಟೆ ತೊಡಿಸುವ, ಉಣ್ಣಿಸುವ ವರ್ಷಗಟ್ಟಲೆಯ ಆರೈಕೆಗೆ ಹಣ ಕೊಡುವುದಿಲ್ಲ. ಬಡವರಿಗಾಗಿ ಇರುವ ಸರ್ಕಾರಿ ಯೋಜನೆ ಮೆಡಿಕೇಡ್ ಕೊಡುತ್ತದಾದರೂ ಆಸ್ತಿ ಬಹುಪಾಲು ಕರಗಿದ ಮೇಲಷ್ಟೇ. ಈ ಭಯದ ನಡುವೆ ಕಂಪನಿಗಳು ಅಗ್ಗದ ಪಾಲಿಸಿ ಹೊತ್ತು ಬಂದವು. ರಾಜ್ಯಗಳು ಅಳವಡಿಸಿಕೊಳ್ಳಲೆಂದು ಅವುಗಳ ವಿಮಾ ಆಯುಕ್ತರ ಸಂಘ ರೂಪಿಸಿದ್ದ ಆಗಿನ ಮಾದರಿ ನಿಯಮ ಕೇಳುತ್ತಿದ್ದುದು ಮುಖ್ಯವಾಗಿ ಒಂದನ್ನೇ: ವಸೂಲಾದ ನೂರು ಡಾಲರಿನಲ್ಲಿ ಕನಿಷ್ಠ ಅರವತ್ತು ಪರಿಹಾರವಾಗಿ ಹಿಂದಿರುಗಬೇಕು. ಕಂತು ಅತಿಯಾಗಬಾರದೆಂದು ಕಾಯ್ದ ನಿಯಮ, ಕಂತು ಸಾಲದೆ ಹೋದರೇನು ಎಂದು ಕೇಳಲಿಲ್ಲ. ಕಂಪನಿಗಳೋ, ವರ್ಷಕ್ಕೆ ನೂರಕ್ಕೆ ನಾಲ್ಕೈದು ಜನ ಪಾಲಿಸಿ ಬಿಟ್ಟುಹೋಗುತ್ತಾರೆಂದು ಲೆಕ್ಕ ಹಾಕಿದ್ದವು; ಬಿಟ್ಟವರು ಒಬ್ಬರ ಆಸುಪಾಸು. ಜೊತೆಗೆ, ಕಂತಿನ ಹಣವನ್ನು ಹೂಡಿ ಗಳಿಸುವ ಲೆಕ್ಕವೂ ತಪ್ಪಿತು: 2000ದಲ್ಲಿ ಶೇ. 6ರಷ್ಟಿದ್ದ ಹತ್ತು ವರ್ಷದ ಸರ್ಕಾರಿ ಸಾಲಪತ್ರದ ಆದಾಯ 2012ರ ಹೊತ್ತಿಗೆ ಶೇ. 2ಕ್ಕಿಂತ ಕೆಳಗಿಳಿಯಿತು. ದರವು ಪ್ರತಿಕೂಲ ಸ್ಥಿತಿಯಲ್ಲೂ ಸಾಕಾಗುತ್ತದೆಂದು ವಿಮಾ ಗಣಿತಜ್ಞ ಪ್ರಮಾಣೀಕರಿಸಬೇಕೆಂಬ ಮಾದರಿ ನಿಯಮ ಬಂದದ್ದು 2000ದಲ್ಲಿ, ಅಂದರೆ ನಿಮ್ಮ ಪಾಲಿಸಿಗೆ ಎರಡು ವರ್ಷ ತುಂಬಿದ ಮೇಲೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂದು ನಮ್ಮವರು ಹೇಳುವುದು ಇದಕ್ಕೇ.

ಏರಿಕೆಗೆ ಒಪ್ಪದಿದ್ದರೆ ಕಂಪನಿ ಮುಳುಗುತ್ತದೆ ಎಂಬ ಇಲಾಖೆಗಳ ವಾದದಲ್ಲಿ ಹುರುಳಿಲ್ಲದಿಲ್ಲ. ಪೆನ್ಸಿಲ್ವೇನಿಯಾದ ಪೆನ್ ಟ್ರೀಟಿ ಎಂಬ ವಿಮಾ ಕಂಪನಿ 2017ರಲ್ಲಿ ಸಮಾಪನೆಗೊಂಡಾಗ ಸುಮಾರು 76,000 ಪಾಲಿಸಿದಾರರು ಮುಳುಗಿದ ಕಂಪನಿಯ ಹೊಣೆ ಹೊರುವ ರಾಜ್ಯಗಳ ಖಾತರಿ ಸಂಘಗಳ ಪಾಲಾದರು. ಹಲವು ರಾಜ್ಯಗಳಲ್ಲಿ ಆ ಖಾತರಿಗೆ 3 ಲಕ್ಷ ಡಾಲರಿನ ಮಿತಿಯಿದೆ. ಒಪ್ಪೋಣ. ಆದರೆ ತಪ್ಪೆಣಿಕೆಯ ದಂಡವನ್ನು ತೆರುವವರು ಯಾರು? ಪಾಲಿಸಿ ಮಾರಿದ ಏಜೆಂಟನ ಕಮಿಷನ್ ಅಂದೇ ಸಂದಾಯವಾಗಿದೆ, ದರ ನಿಗದಿಪಡಿಸಿದ ಅಧಿಕಾರಿ ನಿವೃತ್ತನಾಗಿದ್ದಾನೆ. ಉಳಿದವರು ನಿಷ್ಠೆಯಿಂದ ಕಂತು ಕಟ್ಟಿದ ನೀವಿಬ್ಬರು. ಬಿಟ್ಟುಹೋಗುವವರ ಹಣದಿಂದ ಉಳಿದವರಿಗೆ ಅಗ್ಗದ ದರ ತೋರಿಸುವ ವ್ಯಾಪಾರದಲ್ಲಿ, ಬಿಟ್ಟುಹೋಗದಿರುವುದೇ ಅಪರಾಧವಾಯಿತು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ನನ್ನ ಸೋದರಮಾವ ಯಾವ ಉಳಿತಾಯ ಯೋಜನೆ ಬಂದರೂ, “ಎಲ್ಲರೂ ಕೊನೆಯವರೆಗೆ ಕಟ್ಟಿದರೆ ಇವರ ಗತಿಯೇನು?” ಎಂದು ಮೊದಲು ಕೇಳುತ್ತಿದ್ದರು. ಬಾಯ್ತುಂಬ ನಗುತ್ತಿದ್ದ ಪ್ರತಿನಿಧಿಗಳು ಆ ಪ್ರಶ್ನೆಗೆ ಕರಪತ್ರ ಮಡಿಸುತ್ತಿದ್ದುದನ್ನು ಕಂಡಿದ್ದೇನೆ.

ನಮ್ಮಲ್ಲೂ ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ, ಹಿರಿಯ ನಾಗರಿಕರ ಆರೋಗ್ಯ ವಿಮೆಯ ಕಂತನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ತನ್ನೊಡನೆ ಮೊದಲೇ ಸಮಾಲೋಚಿಸಬೇಕೆಂದು ಕಂಪನಿಗಳಿಗೆ ಸೂಚಿಸಿತು. ಪತ್ರಿಕೆಗಳು ಹೊಗಳಿದವು, ನಾನೂ ಬೇಡವೆನ್ನೆ. ಆದರೆ ಏರಿಕೆಯ ಮೇಲಿಟ್ಟ ಕಣ್ಣನ್ನು ನಲವತ್ತರ ಗಿರಾಕಿಗೆ ತೋರಿಸುವ ಆರಂಭದ ಅಗ್ಗದ ದರದ ಮೇಲೂ ಅಷ್ಟೇ ಬಿಗಿಯಾಗಿ ಇಡದಿದ್ದರೆ, ಇಲ್ಲಿನ ಹಿರಿಯರಿಂದಲೂ ನಿಮ್ಮದರಂಥ ಪತ್ರಗಳೇ ಬರುತ್ತವೆ. ಅಗ್ಗವೆಂದರೆ ಜನಹಿತವೆಂದು ನಂಬುವ ಚಟ ನಮ್ಮ ಆಡಳಿತಗಳನ್ನು ವಿಮೆಯಲ್ಲಿ ಮಾತ್ರವಲ್ಲ, ಸೇತುವೆಯ ಟೆಂಡರಿನಲ್ಲೂ ಶಾಲೆಯ ಪಠ್ಯಪುಸ್ತಕದ ಕಾಗದದಲ್ಲೂ ಹಿಡಿದಿದೆ.

ಇನ್ನು ನಿಮ್ಮ ಮಗನ ಸಲಹೆ. ಅವಸರ ಬೇಡ. ಇಷ್ಟು ವರ್ಷ ಕಟ್ಟಿ ಈಗ ಬರಿಗೈಯಲ್ಲಿ ಹೊರಬಂದರೆ, ಕಂಪನಿಯ ಹಳೆಯ ಲೆಕ್ಕವನ್ನು ನೀವೇ ಸರಿಮಾಡಿಕೊಟ್ಟಂತೆ. ಹಣದುಬ್ಬರಕ್ಕೆ ಶೇ. 5ರ ಚಕ್ರಬಡ್ಡಿಯಂತೆ ಬೆಳೆಯುವ ಪರಿಹಾರವಿದ್ದರೆ ಅದನ್ನು ಶೇ. 3ಕ್ಕೆ ಇಳಿಸಿ ಕಂತನ್ನು ತಡೆಯಬಹುದೇ ಎಂದು ಕೇಳಿ. ಕಂತು ನಿಲ್ಲಿಸಿದರೂ ಈವರೆಗೆ ಕಟ್ಟಿದ ಮೊತ್ತದಷ್ಟು ಆರೈಕೆಯ ಹಕ್ಕು ಉಳಿಯುವ ಆಯ್ಕೆಯನ್ನು ಹಲವು ಕಂಪನಿಗಳು ಕೊಡುತ್ತವೆ. ನಿಮಗದು ಉಂಟೇ ಎಂಬುದಕ್ಕೆ ಲಿಖಿತ ಉತ್ತರ ಪಡೆಯಿರಿ. ಜೊತೆಗೆ, ಇಲಾಖೆಗೆ ಸಲ್ಲಿಸಿದ ದರ ಏರಿಕೆಯ ಅರ್ಜಿಯನ್ನು ತರಿಸಿಕೊಂಡು, ಎಷ್ಟು ಜನ ಬಿಟ್ಟುಹೋಗುವರೆಂದು ಕಂಪನಿ ಈ ಸಲ ಊಹಿಸಿದೆ ಎಂಬ ಪುಟವನ್ನು ಓದಿ ನಮಗೂ ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಅದಕ್ಕೆ ಜಾಗವಿದೆ.

— ಸಂ.