ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್‌ನಲ್ಲಿ ಶಾಲೆ 16 ವರ್ಷಕ್ಕೇ ಮುಗಿಯುತ್ತಂತೆ, ಮಗನ ಮುಂದಿನ ಓದಿಗೆ ತೊಂದರೆಯಾಗುತ್ತಾ?

ತೊಂದರೆ ಆಗುವುದಿಲ್ಲ, ಧೈರ್ಯವಾಗಿ ಬನ್ನಿ. 'ಅಲ್ಲಿ ಕಾಲೇಜು ಅಂದರೆ ಮಾರ್ಕ್ಸ್ ಬಾರದವರು ಸೇರುವ ಜಾಗ' ಎಂದು ಯಾರೋ ಹೆದರಿಸಿದ್ದಾರೆ ಅಂತ ಬರೆದಿದ್ದೀರಿ. ಆ ಮಾತನ್ನು ಮೊದಲು ತಲೆಯಿಂದ ತೆಗೆದುಬಿಡಿ.

ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಮಕ್ಕಳು ಶಾಲೆ ಬಿಟ್ಟು ಪಿಯು ಕಾಲೇಜಿಗೆ ಹೋಗ್ತಾರೆ, ಅಲ್ವಾ? ಬೇಸಿಂಗ್‌ಸ್ಟೋಕ್ ಇರುವ ಹ್ಯಾಂಪ್‌ಶೈರ್ ಕೌಂಟಿಯಲ್ಲೂ (ನಮ್ಮ ಜಿಲ್ಲೆ ಇದ್ದಂತೆ) ಹೆಚ್ಚುಕಡಿಮೆ ಹಾಗೆಯೇ. ಇಲ್ಲಿನ ಬಹುಪಾಲು ಸರ್ಕಾರಿ ಶಾಲೆಗಳು 11ರಿಂದ 16 ವರ್ಷದ ಮಕ್ಕಳಿಗಷ್ಟೇ. ಇಯರ್ 11 ಅನ್ನುವ ಕೊನೆಯ ತರಗತಿ ಮುಗಿಯುವಾಗ ಜಿಸಿಎಸ್‌ಇ (ನಮ್ಮ ಎಸ್ಸೆಸ್ಸೆಲ್ಸಿ ಇದ್ದಂತೆ) ಪರೀಕ್ಷೆ ಬರೆದು ಎಲ್ಲರೂ ಹೊರಡುತ್ತಾರೆ, ತುಂಬಾ ಚೆನ್ನಾಗಿ ಓದುವವರು ಕೂಡ. ಇಂಗ್ಲೆಂಡಿನ ಎಷ್ಟೋ ಕಡೆ ಶಾಲೆಯಲ್ಲೇ ಸಿಕ್ಸ್ತ್ ಫಾರ್ಮ್, ಅಂದರೆ 16ರಿಂದ 18 ವರ್ಷದವರ ತರಗತಿಗಳು, ಇರುತ್ತದೆ. ಬೇರೆ ಊರಿನವರಿಗೆ ಗೊಂದಲ ಆಗುವುದು ಅದಕ್ಕೇ.

ನಾವಿರುವುದು ಇದೇ ಕೌಂಟಿಯ ಫ್ಲೀಟ್ ಊರಿನಲ್ಲಿ. ಮಗಳು ರೈಲಿನಲ್ಲಿ ಫಾರ್ನ್‌ಬರೋದ ಕಾಲೇಜಿಗೆ ಹೋಗಿ ಎ ಲೆವೆಲ್ (ನಮ್ಮ ಪಿಯು ಇದ್ದಂತೆ, ಯೂನಿವರ್ಸಿಟಿಗೆ ಮುಂಚಿನ ಓದು) ಓದಿದಳು. ಮೊದಲ ವಾರ ನನಗೆ ನಿದ್ದೆಯೇ ಬರಲಿಲ್ಲ. ಯೂನಿಫಾರ್ಮ್ ಇಲ್ಲ, ಮೇಷ್ಟ್ರನ್ನು ಹೆಸರು ಹಿಡಿದು ಕರೆಯುತ್ತಾರೆ, ಕ್ಲಾಸುಗಳ ಮಧ್ಯೆ ಗಂಟೆಗಟ್ಟಲೆ ಬಿಡುವು. ಆದರೆ ಆ ಬಿಡುವಿನಲ್ಲಿ ತಾನೇ ಲೈಬ್ರರಿಗೆ ಹೋಗಿ ಕೂತು ಓದುವುದನ್ನು ಅವಳು ಕಲಿತಳು. ಮುಂದೆ ಯೂನಿವರ್ಸಿಟಿಯಲ್ಲಿ ಅದೇ ಅವಳ ಕೈ ಹಿಡಿಯಿತು.

ಕಾಲೇಜುಗಳಲ್ಲಿ ಎರಡು ಬಗೆ ಇವೆ. ಸಿಕ್ಸ್ತ್ ಫಾರ್ಮ್ ಕಾಲೇಜಿನಲ್ಲಿ ಹೆಚ್ಚಾಗಿ ಎ ಲೆವೆಲ್, ಸಾಮಾನ್ಯವಾಗಿ 3 ವಿಷಯ. ಬೇಸಿಂಗ್‌ಸ್ಟೋಕ್‌ನ ಕ್ವೀನ್ ಮೇರೀಸ್, ವಿಂಚೆಸ್ಟರ್‌ನ ಪೀಟರ್ ಸೈಮಂಡ್ಸ್ ಈ ಬಗೆಯವು. ಸೈಮಂಡ್ಸ್ ಮೊದಲು ಗಂಡುಮಕ್ಕಳ ಗ್ರಾಮರ್ ಸ್ಕೂಲ್ ಆಗಿತ್ತು, 1974ರಲ್ಲಿ ಕಾಲೇಜಾಯಿತು. ಇನ್ನೊಂದು ಬಗೆ ಫರ್ದರ್ ಎಜುಕೇಶನ್ ಕಾಲೇಜು. ಬೇಸಿಂಗ್‌ಸ್ಟೋಕ್ ಕಾಲೇಜ್ ಆಫ್ ಟೆಕ್ನಾಲಜಿ ಅಂಥದ್ದು. ಕೈಕೆಲಸ, ಎಂಜಿನಿಯರಿಂಗ್, ಕಂಪ್ಯೂಟರ್ ಎಲ್ಲಾ ಇರುತ್ತದೆ. ಇಂಥ ಕಡೆ ಸಿಗುವ ಟಿ ಲೆವೆಲ್ ಅನ್ನೋದು 2020ರಲ್ಲಿ ಶುರುವಾದ 2 ವರ್ಷದ ಕೋರ್ಸು. 3 ಎ ಲೆವೆಲ್‌ಗೆ ಸಮ ಅಂತ ಲೆಕ್ಕ, ಜೊತೆಗೆ ಸುಮಾರು 45 ದಿನ ನಿಜವಾದ ಕಂಪನಿಯಲ್ಲಿ ಕೆಲಸ. ಪಿಸಿಎಂ ಸಿಗದವರಿಗೆ ಡಿಪ್ಲೊಮಾ ಅಂತ ನಾವು ಕೀಳಾಗಿ ನೋಡುತ್ತೇವಲ್ಲ, ದಯವಿಟ್ಟು ಆ ಕಣ್ಣಿನಲ್ಲಿ ಇದನ್ನು ನೋಡಬೇಡಿ. ಕೈಯಿಂದ ಮಾಡಿ ಕಲಿಯುವ ಹುಡುಗನಿಗೆ ಇದೇ ಒಳ್ಳೆಯದು.

ನಿಮ್ಮ ವಿಷಯದಲ್ಲಿ ನನಗೆ ಚಿಂತೆ ಇರುವುದು ಕಾಲೇಜಿನದಲ್ಲ, ಬರುವ ಸಮಯದ್ದು. ಇಲ್ಲಿ ತರಗತಿ ಕೊಡುವುದು ವಯಸ್ಸು ನೋಡಿ. ಆಗಸ್ಟ್ 31ಕ್ಕೆ ಮಗನಿಗೆ 14 ತುಂಬಿದ್ದರೆ ಇಯರ್ 10. ಜಿಸಿಎಸ್‌ಇ ಪಾಠ ಜೋರಾಗಿ ನಡೆಯುವುದು ಇಯರ್ 10, 11ರ 2 ವರ್ಷದಲ್ಲೇ. ಅದಕ್ಕೇ ಸೆಪ್ಟೆಂಬರ್ ಶುರುವಿಗೇ ಸೇರಿಸಿ. ನಡುವೆ ಬಂದರೆ ಪಾಠಗಳು ತಪ್ಪಿರುತ್ತವೆ, ಬೇಕಾದ ವಿಷಯದಲ್ಲಿ ಜಾಗ ಸಿಗದೆಯೂ ಇರಬಹುದು. ಜಿಸಿಎಸ್‌ಇಯ ಇಂಗ್ಲಿಷ್, ಗಣಿತದಲ್ಲಿ ಗ್ರೇಡ್ 4 (ಪಾಸ್ ಅನ್ನುವ ಮಟ್ಟ) ಬರದಿದ್ದರೆ ಕಾಲೇಜಿನಲ್ಲೂ ಅವನ್ನು ಮುಂದುವರಿಸಬೇಕು.

ಇಯರ್ 11 ಶುರುವಾದ ಮೇಲೆ ಕಾಲೇಜುಗಳ ಓಪನ್ ಡೇ ಇರುತ್ತವೆ. ಅವನನ್ನೂ ಕರೆದುಕೊಂಡು ಹೋಗಿ. ಮನೆ ಹಿಡಿಯುವಾಗ ಶಾಲೆಯ ಜೊತೆಗೆ ಕಾಲೇಜಿನ ಬಸ್ಸು, ರೈಲನ್ನೂ ನೋಡಿಕೊಳ್ಳಿ, 16ರ ನಂತರ ಆ ಖರ್ಚು ಸಾಮಾನ್ಯವಾಗಿ ನಮ್ಮದೇ.

ಯಾವ ತಿಂಗಳು ಬರುತ್ತೀರಿ, ಅವನಿಗೆ ಯಾವ ವಿಷಯ ಇಷ್ಟ ಅಂತ ಬರೆಯಿರಿ. ನನಗೆ ಗೊತ್ತಿರುವುದನ್ನು ಖಂಡಿತ ಹೇಳುತ್ತೇನೆ.