ಅನ್ಯಗ್ರಹ ಸಿನಿಮಾಗಳ ಬಗ್ಗೆ ನೀವು ಕಳಿಸಿದ ಲೇಖನ

ನಮಸ್ಕಾರ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಅನ್ಯಗ್ರಹ ಜೀವಿಗಳ ಸಿನಿಮಾ ತೋರಿಸಿ ತೋರಿಸಿ, ಮುಚ್ಚಿಟ್ಟಿರುವ ಒಂದು ದೊಡ್ಡ ಸತ್ಯಕ್ಕೆ ಜನರನ್ನು ನಿಧಾನವಾಗಿ ತಯಾರು ಮಾಡುತ್ತಿದ್ದಾರೆ ಅನ್ನುವುದು ನಿಮ್ಮ ವಾದ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ನಿಮ್ಮ ಬರವಣಿಗೆ ಓದಿಸಿಕೊಂಡು ಹೋಗುತ್ತದೆ, ಅದಕ್ಕೇ ಇಷ್ಟುದ್ದದ ಉತ್ತರ.

'ಇರಬಹುದಲ್ವಾ?' ಅಂತ ಹದಿನೇಳು ಸಲ ಕೇಳಿದ್ದೀರಿ. ಒಂದು ಸಲವೂ ಉತ್ತರ ಹುಡುಕಲು ಹೋಗಿಲ್ಲ. ಸುಮ್ನೆ ಪ್ರಶ್ನೆ ಎಸೆದು ಮುಂದೆ ಹೋದರೆ ಓದುಗರಿಗೆ ಸಿಗುವುದು ಅನುಮಾನ ಮಾತ್ರ.

ನಿಮ್ಮ ದೊಡ್ಡ ಸಾಕ್ಷಿಯನ್ನೇ ತೆಗೆದುಕೊಳ್ಳಿ. 1977ರ 'ಕ್ಲೋಸ್ ಎನ್‌ಕೌಂಟರ್ಸ್ ಆಫ್ ದ ಥರ್ಡ್ ಕೈಂಡ್' ಸಿನಿಮಾಕ್ಕೆ ಅಮೆರಿಕದ ವಾಯುಪಡೆಗೆ ಕೆಲಸ ಮಾಡಿದ್ದ 'ಒಬ್ಬ ವಿಜ್ಞಾನಿ' ಸಲಹೆಗಾರ, ಹಾಗಾಗಿ ಒಳಗಿನ ಗುಟ್ಟು ತೆರೆಗೆ ಬಂತು ಅಂತೀರಿ. ಹೆಸರು ಯಾಕೆ ಬರೆಯಲಿಲ್ಲ? ಅವರು ಜೆ. ಅಲೆನ್ ಹೈನೆಕ್, ಖಗೋಳ ವಿಜ್ಞಾನಿ. ಸಿನಿಮಾದ ಹೆಸರಲ್ಲಿರುವ ಆ 'ಮೂರನೇ ಬಗೆ' ಅನ್ನುವ, ಹಾರುವ ತಟ್ಟೆಗಳನ್ನು ಹತ್ತಿರದಿಂದ ಕಂಡ ಘಟನೆಗಳ ವಿಂಗಡಣೆಯನ್ನು ಅವರು 1972ರಲ್ಲೇ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು, ಯಾರು ಬೇಕಾದರೂ ಕೊಂಡು ಓದಬಹುದಿತ್ತು. ಹಾರುವ ತಟ್ಟೆ ಕಂಡೆವು ಅನ್ನುವ ವರದಿಗಳನ್ನು ಪರಿಶೀಲಿಸುತ್ತಿದ್ದ ವಾಯುಪಡೆಯ ಬ್ಲೂ ಬುಕ್ ಯೋಜನೆ 1969ರಲ್ಲಿ ಮುಗಿದಾಗ 12,618 ವರದಿಗಳಲ್ಲಿ 701 ಏನೆಂದು ತಿಳಿಯದೆ ಉಳಿದವು. ತಿಳಿಯಲಿಲ್ಲ ಅನ್ನುವುದಕ್ಕೂ ತಿಳಿದು ಮುಚ್ಚಿಟ್ಟರು ಅನ್ನುವುದಕ್ಕೂ ತುಂಬಾ ದೂರ ಇದೆ, ನಿಮ್ಮ ಲೇಖನ ಅದನ್ನು ಒಂದೇ ಸಾಲಿನಲ್ಲಿ ದಾಟಿಬಿಡುತ್ತದೆ.

ರೋಸ್‌ವೆಲ್ ಅನ್ನುವ ಅಮೆರಿಕದ ಊರಿನ ಹತ್ತಿರ ಹಾರುವ ತಟ್ಟೆ ಬಿತ್ತು ಅನ್ನುವ ಕಥೆಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಸರಿ. 1947ರಲ್ಲಿ ಅಲ್ಲಿ ನಿಜವಾಗಿಯೂ ಒಂದು ಗುಟ್ಟಿತ್ತು. ಸೋವಿಯತ್ ಅಣುಪರೀಕ್ಷೆಯ ಸದ್ದು ಹಿಡಿಯಲು ಎತ್ತರಕ್ಕೆ ಬಿಡುತ್ತಿದ್ದ ಬಲೂನುಗಳ ಗುಟ್ಟು ಅದು, ಮೊಗಲ್ ಯೋಜನೆ ಅಂತ. ಸಿಕ್ಕಿದ ಚೂರುಗಳು ಬಹುಪಾಲು ಅದರದ್ದೇ ಅಂತ 1994ರಲ್ಲಿ ವಾಯುಪಡೆಯೇ ವರದಿ ಕೊಟ್ಟಿತು. ಆ ವರದಿಯನ್ನು ನಂಬಬೇಡಿ ಬೇಕಾದರೆ, ಆದರೆ ಯಾಕೆ ನಂಬುವುದಿಲ್ಲ ಅಂತ ಬರೆಯಲೇಬೇಕು.

ನನಗೆ ನಿಜಕ್ಕೂ ಬೇಜಾರಾಗಿದ್ದು ಬೇರೆ. ನೀವು ಹಿಡಿದುಕೊಂಡ 1977ರಲ್ಲೇ ಒಂದು ಒಳ್ಳೆಯ ಲೇಖನ ಇತ್ತು, ನೀವು ಅದರ ಪಕ್ಕದಲ್ಲೇ ಹಾದುಹೋದಿರಿ. ಆ ವರ್ಷ ಆಗಸ್ಟ್ 15ರಂದು ಅನ್ಯಗ್ರಹ ಜೀವಿಗಳ ಸಂಕೇತ ಹುಡುಕುತ್ತಿದ್ದ, ಅಮೆರಿಕದ ಓಹಾಯೋದ ಬಿಗ್ ಇಯರ್ ರೇಡಿಯೋ ದೂರದರ್ಶಕಕ್ಕೆ 72 ಸೆಕೆಂಡಿನ ಒಂದು ಬಲವಾದ ರೇಡಿಯೋ ಸಂಕೇತ ಸಿಕ್ಕಿತು. ಕೆಲವು ದಿನಗಳ ನಂತರ ಕಂಪ್ಯೂಟರ್ ಅಚ್ಚು ಹಾಕಿದ ಕಾಗದದಲ್ಲಿ ಅದನ್ನು ಕಂಡ ಖಗೋಳ ವಿಜ್ಞಾನಿ ಜೆರ್ರಿ ಎಹ್‌ಮನ್ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕದಲ್ಲಿ 'ವಾವ್!' ಅಂತ ಬರೆದರು. ಎಷ್ಟು ಹುಡುಕಿದರೂ ಅದು ಮತ್ತೆ ಸಿಗಲಿಲ್ಲ. ಅದೇ ಆಗಸ್ಟ್ 20ಕ್ಕೆ ವಾಯೇಜರ್ 2 ಬಾಹ್ಯಾಕಾಶ ನೌಕೆ ಹಾರಿತು, ಸೆಪ್ಟೆಂಬರ್ 5ಕ್ಕೆ ವಾಯೇಜರ್ 1. ಎರಡರಲ್ಲೂ ಅನ್ಯಗ್ರಹ ಜೀವಿಗಳಿಗೆ ಸಿಕ್ಕರೆ ಸಿಗಲಿ ಅಂತ ಚಿನ್ನದ ಲೇಪದ ಒಂದು ಧ್ವನಿಮುದ್ರಿತ ತಟ್ಟೆ, ಅದರಲ್ಲಿ 55 ಭಾಷೆಗಳ ಶುಭಾಶಯ, ಕನ್ನಡದ್ದೂ ಇದೆ. ನವೆಂಬರ್‌ನಲ್ಲಿ ಆ ಸಿನಿಮಾ ಬಂತು. ಯಾರೂ ಏನನ್ನೂ ಮುಚ್ಚಿಡದೆ, ಎಲ್ಲರ ಕಣ್ಣೆದುರೇ ಇಷ್ಟೆಲ್ಲ ನಡೆಯಿತು! ಸಿನಿಮಾದವರು ಇಂಥ ಗಾಳಿಯನ್ನೇ ಉಸಿರಾಡಿ ಕಥೆ ಮಾಡುತ್ತಾರೆ, ಅವರಿಗೆ ಗುಟ್ಟು ಹೇಳುವವರು ಬೇಕಿಲ್ಲ.

ಆ ಒಂದು ವರ್ಷದ ಮೇಲೆ ಮತ್ತೆ ಬರೆಯಿರಿ. ಕೊನೆಯ ಪುಟದ ಪಿರಮಿಡ್ಡು ತೆಗೆಯಿರಿ, ಅದು ಬೇಡವೇ ಬೇಡ. ಎಹ್‌ಮನ್ ಸುತ್ತು ಹಾಕಿದ ಆ ಕಾಗದದಿಂದ ಶುರು ಮಾಡಿ, ಒಂದು ತಿಂಗಳೊಳಗೆ ಕಳಿಸಿ. ಬಂದ ದಿನವೇ ಓದುತ್ತೇನೆ.